ಐದನೆಯ ಬಿಲ್ಲೆ

ಗಂಡನ ಪ್ಯಾಂಟು ನೆನೆಹಾಕುವ ಮುಂಚೆ ಜೇಬಿಗೆ ಕೈಹಾಕಿ ಬಿಲ್ಲೆ ಎಣಿಸುವುದು ಮಂಜುಶ್ರೀಗೆ ಒಂಬತ್ತು ವರ್ಷದ ರೂಢಿ. ಐದು ಹಿತ್ತಾಳೆ ಬಿಲ್ಲೆ, ಐದರ ಮೇಲೂ ನಲವತ್ತೊಂದು ಎಂಬ ಅಂಕಿ.

"ನಾಲ್ಕೇ ಅವೆ ಕಣ್ರೀ."

"ಸರಿಯಾಗಿ ನೋಡೇ."

"ನೋಡ್ದೆ. ಜೇಬೂ ತೂತಾಗಿಲ್ಲ."

ಮುದ್ದೆ ಮುರಿಯುತ್ತಿದ್ದ ರಂಗರಾಜುವಿನ ಕೈ ತಟ್ಟೆಯಲ್ಲೇ ನಿಂತಿತು. ಅವನು ಬೆಂಗಳೂರಿನಲ್ಲಿ ವಿಮಾನ ರಿಪೇರಿಯ ಮೆಕ್ಯಾನಿಕ್. ಗುಬ್ಬಿಯಿಂದ ರೈಲಿನಲ್ಲಿ ಹೋಗಿ ಬರುವ ಕಾಂಟ್ರಾಕ್ಟ್ ಕೆಲಸ. ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಹ್ಯಾಂಗರಿನ ಸ್ಟೋರಿನಲ್ಲಿ ಒಂದು ಕಟ್ಟಳೆ ಇತ್ತು: ಗೋಡೆಯಿಂದ ಸ್ಪ್ಯಾನರ್ ತೆಗೆದರೆ ಆ ಮೊಳೆಗೆ ನಿನ್ನ ಬಿಲ್ಲೆ ತೂಗಿಹಾಕು. ಸ್ಪ್ಯಾನರ್ ವಾಪಸ್ ತಂದಿಟ್ಟು ಬಿಲ್ಲೆ ತಗೊಂಡು ಹೋಗು. ಒಂದು ಬಿಲ್ಲೆ ಕಡಿಮೆ ಬಂತು ಅಂದರೆ ಒಂದು ಸ್ಪ್ಯಾನರ್ ಗೋಡೆಗೆ ಬಂದಿಲ್ಲ. ಅದು ಯಾವುದೋ ವಿಮಾನದ ಹೊಟ್ಟೆಯೊಳಗೇ ಉಳಿದಿರಬಹುದು.

ರಾಮಾಂಜಿನಯ್ಯ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಕುಣಿಗಲ್ ಕಡೆಯ ಆ ಸ್ಟೋರ್ ಕೀಪರ್ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. "ಗೋಡೆ ಮ್ಯಾಲೆ ಬಿಲ್ಲೆ ಬುಟ್ಟು ಬಸ್ ಹತ್ತಿದ್ರೆ ಕಾಲ್ ಮುರೀತೀನಿ ಕಣ್ಲಾ" ಅನ್ನುತ್ತಿದ್ದ. ಹೋದ ವರ್ಷ ಕಂಪನಿಗೆ ಖರ್ಚು ಕಡಿಮೆ ಮಾಡುವ ಹುಚ್ಚು ಹತ್ತಿತು. ಸ್ವಯಂ ನಿವೃತ್ತಿ ಎಂದು ಹೆಸರಿಟ್ಟು ಅವನ ಕೈಲಿ ಸೈನ್ ಹಾಕಿಸಿಕೊಂಡರು. ಸ್ವಯಂ ಅಂತೆ. ಪೆನ್ನು ಕೊಟ್ಟವರೂ ಅವರೇ, ಬಾಗಿಲು ತೋರಿಸಿದವರೂ ಅವರೇ. ಆ ಹುದ್ದೆ ಹೋಯಿತು, ಕುರ್ಚಿ ಉಳಿಯಿತು.

ಹನ್ನೊಂದು ಜನ ಮಾಡುತ್ತಿದ್ದ ಶಿಫ್ಟಿಗೆ ಈಗ ಐದು ಜನ. ನಿನ್ನೆಯ ಶಿಫ್ಟಿನಲ್ಲಿ ರಂಗರಾಜು ಒಬ್ಬನೇ ಮೂರು ವಿಮಾನಗಳಡಿಗೆ ನುಗ್ಗಿ ಎದ್ದಿದ್ದ. ರೈಲ್ವೆ ಸ್ಟೇಷನ್ನಿಗೆ ಬಿಡುವ ವ್ಯಾನು ಹಾರನ್ ಹೊಡೆಯುತ್ತಿತ್ತು. ಕೈಗೆ ಸಿಕ್ಕ ಬಿಲ್ಲೆಗಳನ್ನು ಜೇಬಿಗೆ ತುರುಕಿ ಓಡಿದ್ದ. ಎಣಿಸಲಿಲ್ಲ. ತಪ್ಪು ಅವನದೇ. ಇಲ್ಲ ಅನ್ನುವುದಿಲ್ಲ.

"ಯಾರ್ಗಾದ್ರೂ ಗೊತ್ತಾಯ್ತದಾ?" ಎಂದಳು ಮಂಜುಶ್ರೀ. ಸೋಮವಾರ ಕಾಯಂ ಆಗುವವರ ಪಟ್ಟಿ ಬರಲಿದೆ, ಅದರಲ್ಲಿ ಗಂಡನದೇ ಮೊದಲ ಹೆಸರು ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

"ನನಗೆ ಗೊತ್ತಾಯ್ತಲ್ಲ" ಎಂದು ಅವನು ಕೈತೊಳೆದ.

ಅಡಿಕೆ ಮಂಡಿಯ ಪಕ್ಕದ ಎಸ್‌ಟಿಡಿ ಬೂತಿನಲ್ಲಿ ಅಡವಿಯಪ್ಪ ಎಂಬ ಮಂಡಿ ವ್ಯಾಪಾರಿ ಫೋನು ಹಿಡಿದು ರೇಟು ಕೇಳುತ್ತಿದ್ದ. ಐದು ನಿಮಿಷ ಕಾದ ರಂಗರಾಜು ಗಾಜು ತಟ್ಟಿದ.

"ಏನ್ಲಾ, ಯಾವ್ ವಿಮಾನ ಬೀಳ್ತದೆ ಅಂತ ಇಷ್ಟ್ ಆತುರ?" ಎಂದ ಅಡವಿಯಪ್ಪ.

ರಂಗರಾಜುವಿನ ಮುಖ ನೋಡಿದವನೇ ಫೋನಿಟ್ಟು ಹೊರಗೆ ಬಂದ.

ರಂಗರಾಜು ಮೊದಲು ಸ್ಟೋರಿಗೆ ಫೋನು ಮಾಡಿದ. ಗಂಟೆ ಹೊಡೆಯಿತು, ಹೊಡೆಯಿತು, ನಿಂತಿತು. ಯಾರು ಎತ್ತಬೇಕು? ಕುರ್ಚಿಯೇ? ಆಮೇಲೆ ಶಿಫ್ಟ್ ಇನ್‌ಚಾರ್ಜ್ ಲಕ್ಷ್ಮೀನರಸಿಂಹಯ್ಯ ಸಿಕ್ಕಿದರು.

"ಸಾರ್, ನಂದೊಂದು ಬಿಲ್ಲೆ ಗೋಡೆ ಮೇಲೇ ಉಳಿದೈತೆ. ಯಾವ ಮೊಳೆ, ನೋಡಿ ಸಾರ್."

ಅವರು ಸ್ಟೋರಿನ ಗೋಡೆ ನೋಡಿ ಬಂದರು. "ಹತ್ತನೇ ನಂಬರ್ ಸ್ಪ್ಯಾನರ್. ಇಲ್ಲಿಲ್ಲ. ಯಾವುದರೊಳಗೆ ಬಿಟ್ಟೆಯಯ್ಯಾ?"

"ಮೂರಕ್ಕೂ ಅದನ್ನೇ ಹಾಕಿದ್ದೆ ಸಾರ್. ಎಲ್ಲಿ ಬಿಟ್ಟೆ ಗೊತ್ತಿಲ್ಲ."

"ಒಂದು ದೆಹಲೀಲಿದೆ. ಒಂದು ಮದ್ರಾಸಲ್ಲಿ. ಒಂದು ಇಲ್ಲೇ, ಮಧ್ಯಾಹ್ನ ಹೊರಡುತ್ತೆ. ರಿಪೋರ್ಟ್ ಬರೆದರೆ ಮೂರೂ ನಿಲ್ಲುತ್ತೆ." ಅವರು ದನಿ ತಗ್ಗಿಸಿದರು. "ನೋಡು ರಂಗರಾಜು, ಬಿಲ್ಲೆ ನಾನು ತೆಗೆದಿಟ್ಟಿರ್ತೀನಿ. ಹೊಸ ಸ್ಪ್ಯಾನರ್ ತೂಗಿಹಾಕಿದರೆ ಆಯ್ತು. ಸೋಮವಾರ ಆಗಲಿ. ನಾನೂ ಮಕ್ಕಳೊಂದಿಗ."

"ವಿಮಾನದಾಗೂ ಮಕ್ಕಳು ಕೂತಿರ್ತಾರೆ ಸಾರ್."

"ಉಪದೇಶ ಬೇಡ. ಫೋನಿಡು. ಊಟ ಮಾಡಿ ಮಲಕ್ಕೋ."

ಲೈನು ಕಟ್ಟಾಯಿತು. ರಂಗರಾಜು ಡೈರಿಯಲ್ಲಿ ವಿಮಾನ ನಿಲ್ದಾಣದ ಡ್ಯೂಟಿ ಮ್ಯಾನೇಜರ್ ನಂಬರ್ ಹುಡುಕಿದ. ಮೂರನೇ ಸಲಕ್ಕೆ ಲೈನು ಸಿಕ್ಕಿತು.

"ನನ್ನ ಹೆಸರು ರಂಗರಾಜು. ಬಿಲ್ಲೆ ನಂಬರ್ ನಲವತ್ತೊಂದು. ಬರಕೊಳಿ."

ಬೂತಿನ ಹೊರಗೆ ಅಡವಿಯಪ್ಪ ಬೀಡಿ ಹಚ್ಚುವುದನ್ನೂ ಮರೆತು ನಿಂತಿದ್ದ. ತಮಾಷೆಗೆ ಆಡಿದ ಮಾತು ಅವನ ಬಾಯಲ್ಲೇ ಕಹಿಯಾಗಿತ್ತು.

ಸ್ಪ್ಯಾನರ್ ದೆಹಲಿಯಲ್ಲಿ ಸಿಕ್ಕಿತು. ಚಕ್ರಗಳು ಮಡಚಿಕೊಳ್ಳುವ ಗೂಡಿನಲ್ಲಿ, ಒಂದು ಪೈಪಿನ ಹಿಂದೆ ಸಿಕ್ಕಿಕೊಂಡಿತ್ತು. ಬೆಂಗಳೂರಿನಿಂದ ಹಾಗೇ ಹಾರಿಹೋಗಿತ್ತು. ಇನ್ನೊಂದು ಸಲ ಹಾರಿದ್ದರೆ? ಕಂಪನಿ ನಡೆಸಿದ ವಿಚಾರಣೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಟೈ ಕಟ್ಟಿದ ಮೂವರು ಕೇಳಿದ್ದು ಬೇರೆ.

"ಉಪಕರಣವನ್ನು ಸ್ಟೋರ್ ಕೀಪರ್ ವಶಕ್ಕೆ ಯಾಕೆ ಒಪ್ಪಿಸಲಿಲ್ಲ?"

"ಯಾರಿಗೆ ಸಾರ್?"

"ಸ್ಟೋರ್ ಕೀಪರ್‌ಗೆ."

"ಅವರು ಕುಣಿಗಲ್‌ನಾಗೆ ರಾಗಿ ಕುಯ್ತಾವ್ರೆ. ಅಲ್ಲಿಗ್ ತಗಂಡೋಗಬೇಕಿತ್ತಾ?"

ಇದನ್ನು ಉದ್ಧಟತನ ಎಂದು ಬರೆದುಕೊಂಡರು. ಐದು ಜನರ ಹೆಗಲಿಗೆ ಹನ್ನೊಂದು ಜನರ ಕೆಲಸ ಹೊರಿಸಿದ್ದನ್ನು ಏನೆಂದು ಬರೆಯಬೇಕೋ, ಅದಕ್ಕೆ ಆ ಫಾರಂನಲ್ಲಿ ಜಾಗವೇ ಇರಲಿಲ್ಲ. ಸೋಮವಾರದ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಕೆಲಸದಿಂದ ತೆಗೆದಿಲ್ಲ, ಕಾಂಟ್ರಾಕ್ಟ್ ಮುಂದುವರಿಸುತ್ತಿಲ್ಲ ಅಷ್ಟೇ, ಎಂದರು. ಕತ್ತು ಕುಯ್ದಿಲ್ಲ, ಉಸಿರು ಮುಂದುವರಿಸುತ್ತಿಲ್ಲ ಅಂದ ಹಾಗೆ.

ದೆಹಲಿಯ ಸ್ಪ್ಯಾನರ್ ಗೋಡೆಗೆ ಮರಳಿ, ಐದನೆಯ ಬಿಲ್ಲೆಯೂ ಅವನ ಕೈಗೆ ಬಂದಿತ್ತು. ಕೊನೆಯ ದಿನ ಬಿಲ್ಲೆಗಳನ್ನು ಒಪ್ಪಿಸಿ ಸ್ಟೋರ್ ಕೀಪರ್ ಸಹಿ ತರಬೇಕು ಎಂದು ಕಾಗದ ಕೊಟ್ಟರು. ಸಹಿ ಇಲ್ಲದೆ ಸರ್ವಿಸ್ ಸರ್ಟಿಫಿಕೇಟ್ ಇಲ್ಲ.

ರಂಗರಾಜು ಸ್ಟೋರಿಗೆ ಹೋದ. ಕುರ್ಚಿಯ ಮೇಲೆ ಧೂಳು. ಅಂಗಿ ತೋಳಿನಿಂದ ಒರೆಸಿ ಕೂತ. ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲು ನೋಡುತ್ತಾ ಕೂತ. ಸಂಜೆ ಶಿಫ್ಟಿನ ಕಾಂತೇಶ್ ಓಡುತ್ತಾ ಬಂದು ಗೋಡೆಯಿಂದ ಸ್ಪ್ಯಾನರ್ ಕಿತ್ತುಕೊಂಡು ಹೊರಟ.

"ಬಿಲ್ಲೆ ಎಲ್ಲೋ?"

ಕಾಂತೇಶ್ ತಿರುಗಿ ನೋಡಿದ. "ರಂಗಣ್ಣಾ, ನೀನಿನ್ನೂ ಹೋಗಿಲ್ವಾ? ಆರೂವರೆ ರೈಲು ಹೊಂಟೋಯ್ತದೆ."

"ಬಿಲ್ಲೆ ಹಾಕೋ ಮೊದ್ಲು."

ಹಾಕಿದ. ಅವನ ಹಿಂದೆ ಇನ್ನೊಬ್ಬ ಬಂದ, ಅವನೂ ಹಾಕಿದ. ಆಮೇಲೆ ಬಂದವರೂ ಹಾಕಿದರು. ಗೋಡೆಯ ಮೇಲೆ ಏಳು ಬಿಲ್ಲೆ ತೂಗಾಡಿದವು. ರಂಗರಾಜು ಗಡಿಯಾರ ನೋಡಿದ. ಆರೂವರೆಯ ರೈಲು ಹೊರಟಾಯಿತು. ಏಳೂ ಬಿಲ್ಲೆಗಳು ಗೋಡೆ ಬಿಟ್ಟು ಇಳಿಯುವವರೆಗೆ ಅವನು ಬಾಗಿಲಿಗೆ ಅಡ್ಡ ಹಾಕಿದ ಕುರ್ಚಿಯಿಂದ ಏಳಲಿಲ್ಲ.

ಆಮೇಲೆ ತನ್ನ ಐದನ್ನೂ ಬಾಗಿಲ ಪಕ್ಕದ ಮೊಳೆಗೆ ತೂಗಿಹಾಕಿದ. ಸ್ಟೋರ್ ಕೀಪರ್ ಸಹಿಯ ಜಾಗದಲ್ಲಿ ತನ್ನ ಹೆಸರನ್ನೇ ಬರೆದ.