ಗೋದಾಮಿನ ಕೆಮ್ಮು

ಹೊಳಿಯಪ್ಪ ಮತ್ತೆ ಕೆಮ್ಮಿದಾಗ ನಾನು ತಬಲಾದಿಂದ ಕೈ ತೆಗೆದೆ.

"ಏ ಮಾರಾಯಾ, ಹೊರಗ ಹೋಗಿ ಕೆಮ್ಮೋ! ಪಿಟೀಲು ಬಾರ್ಸಾಕ ಬಂದೀಯೋ, ನಮಗ ಕೊರೋನಾ ಹಚ್ಚಾಕ ಬಂದೀಯೋ?"

"ಮೆಣಸಿನಕಾಯಿ ಘಾಟು ಅಣ್ಣಾ, ರೋಗ ಅಲ್ಲ. ರಾಣೆಬೆನ್ನೂರಿನವ ನಾನು. ನಿನ್ನಂಗ ಮೆಣಸಿನಕಾಯಿ ಚೀಲದಾಗ ಹುಟ್ಟಿಲ್ಲ."

ಹಾವೇರಿಯಿಂದ ಮೈಕು ತಂದಿದ್ದ ಕನಕರಾಜ ರೆಕಾರ್ಡಿಂಗ್ ನಿಲ್ಲಿಸಿ, ಮಾಸ್ಕಿನೊಳಗೇ ನಕ್ಕು ಕಣ್ಣೊರೆಸಿಕೊಂಡ.

ಬ್ಯಾಡಗಿಯ ಈ ಗೋದಾಮು ನನ್ನ ಭಾವನದು. ಇಲ್ಲೇ ಬಾರಿಸೋಣ ಅಂದವನು ನಾನೇ. ನಾಲ್ಕೂ ಗೋಡೆಗೆ ಮೆಣಸಿನಕಾಯಿ ಚೀಲ ಒಟ್ಟಿದರೆ ಒಂದಿಷ್ಟೂ ಪ್ರತಿಧ್ವನಿ ಇರುವುದಿಲ್ಲ, ಸ್ಟುಡಿಯೋ ಯಾಕೆ ಬೇಕು? ಘಾಟಿನ ಮಾತು ನನ್ನ ತಲೆಗೇ ಬರಲಿಲ್ಲ. ಹುಟ್ಟಿದಾಗಿನಿಂದ ಸೀನುತ್ತಲೇ ಬೆಳೆದವರಿಗೆ ಅದೊಂದು ಅಡ್ಡಿ ಅನ್ನಿಸುವುದಿಲ್ಲ.

ನುಡಿಸಬೇಕಿದ್ದದ್ದು ಶ್ವೇತಾ ಕಟ್ಟಿದ ಹೊಸ ರಚನೆ. ಅದಕ್ಕೆ ರಾಗದ ಹೆಸರಿಲ್ಲ, ತಾಳ ನಡುನಡುವೆ ಬದಲಾಗುತ್ತದೆ. ಕೊನೆಗೆ ಎಲ್ಲರೂ ಕೈ ತಡೆದು ಕೂರುವ ಉದ್ದನೆಯ ಮೌನ, ಆಮೇಲೆ ತಬಲಾದ ಒಂದೇ ಪೆಟ್ಟು. ಇದೆಂಥ ಸಂಗೀತ ಅಂತ ಮೊದಲು ಸಿಟ್ಟು ಬಂದಿತ್ತು. ಬಾರಿಸುತ್ತ ಬಾರಿಸುತ್ತ ಬಿಡಲಾರದಾದೆ. ಹಿಂದಿನ ವರ್ಷ ಅವರವರ ಮನೆಯಲ್ಲೇ ಮೊಬೈಲಿಗೆ ನುಡಿಸಿ ಜೋಡಿಸಿದ್ದೆವು; ಹೆಣಕ್ಕೆ ಸಿಂಗಾರ ಮಾಡಿದಂತಾಗಿತ್ತು. ಈ ಸಲ ದೂರ ದೂರವಾದರೂ ಕೂಡಿಯೇ ಕೂತಿದ್ದೆವು. ನಾಳೆಯಿಂದ ಮತ್ತೆ ಲಾಕ್‌ಡೌನ್. ಇವತ್ತು ಆಗದಿದ್ದರೆ ಆಗಲಿಲ್ಲ.

ಮತ್ತೆ ಶುರು ಮಾಡಿದೆವು. ಮೌನ ಬಂತು. ಹೊಳಿಯಪ್ಪನ ಕೊರಳಿನ ನರ ಉಬ್ಬಿದವು. ತಡೆಯಲಾರದೆ ಕೆಮ್ಮಿಬಿಟ್ಟ. ಅವನ ಹಿಂದೆ ಕನಕರಾಜ. ಹಾರ್ಮೋನಿಯಂ ಮುಂದಿದ್ದ ಶ್ವೇತಾ ಕೂಡ.

"ನನ್ನ ನೋಡಿ ಕಲೀರಿ!" ಎಂದು ಚೀರಿದೆ. "ಒಂದ್ ಸಲನಾದ್ರೂ ಕೆಮ್ಮೇನೇನ?"

ಶ್ವೇತಾ ನನ್ನನ್ನೇ ನೋಡಿದಳು. "ಕಾಕಾ, ನಿನ್ನಿ ಚೀಲ ಒಟ್ಟುವಾಗ ಎಲ್ಲಾರಕಿಂತ ಹೆಚ್ಚು ಸೀನಿದವ್ರು ನೀವ. ಇವತ್ತ ಯಾಕ ಒಂದೂ ಇಲ್ಲ?"

ನಾನು ಮಾಸ್ಕ್ ಇಳಿಸಿ, ಚೀಲದಿಂದ ಒಂದು ಮೆಣಸಿನಕಾಯಿ ಎಳೆದು, ಮುರಿದು ಮೂಗಿಗೆ ಹಿಡಿದೆ. ಇನ್ನೊಂದು ಮುರಿದೆ. ಒಣ ಎಲೆ ಹಿಡಿದಂತಿತ್ತು. ಘಾಟಿಲ್ಲ, ವಾಸನೆಯೂ ಇಲ್ಲ.

ಹೊಳಿಯಪ್ಪ ಪಿಟೀಲಿನ ಕಮಾನು ಕೆಳಗಿಟ್ಟ. ನಾನು ಅಂದದ್ದನ್ನೇ ಅವನು ನನಗೆ ಅನ್ನಬಹುದಿತ್ತು. ಅದರ ಬದಲು ಎದ್ದು ಶಟರ್ ಎತ್ತಿದ.

"ಲಗೂ ಹೊರಗ ನಡೀರಿ ಕಾಕಾ," ಶ್ವೇತಾ ಮಾಸ್ಕ್ ಮೇಲೆಳೆದುಕೊಂಡಳು. "ನಾಳಿ ಮುಂಜಾನೆ ಎಲ್ಲಾರೂ ಟೆಸ್ಟ್ ಮಾಡಿಸೂಣು."

"ಹೋಗ್ತೇನಿ. ಆದ್ರ ಬಾರಿಸೇ ಹೋಗ್ತೇನಿ. ಕನಕಾ, ಮೈಕಿನ ವಾಯರ್ ಅಂಗಳದ ತನಕ ಬರತೈತೇನೋ?"

ಬಿಸಿಲಿನಲ್ಲಿ ಖಾಲಿ ಚೀಲ ಹಾಸಿ ಕೂತೆ. ಶಟರನ್ನು ಗೇಣು ಬಿಟ್ಟು ಇಳಿಸಿದರು. ಯಾರ ಮುಖವೂ ಕಾಣದು. ಪಿಟೀಲಿನ ಎಳೆ ಹಿಡಿದುಕೊಂಡೇ ಬಾರಿಸಿದೆ. ತಾಳ ಬದಲಾಯಿತು, ತಪ್ಪಲಿಲ್ಲ. ಮೌನ ಬಂತು.

ಒಳಗೆ ಒಂದು ಸಪ್ಪಳವೂ ಇಲ್ಲ. ಅವರ ಮೂಗೂ ಸತ್ತಿತೇ? ನನ್ನಿಂದಲೇ? ಬೆವರು ಕಣ್ಣಿಗಿಳಿಯಿತು. ಕೆಮ್ಮೋ ಹೊಳಿಯಪ್ಪಾ, ಕೆಮ್ಮೋ.

ಹೊಳಿಯಪ್ಪ ಕೆಮ್ಮಿದ. ಶ್ವೇತಾ ಸೀನಿದಳು. ಕನಕರಾಜ ರೆಕಾರ್ಡಿಂಗ್ ನಿಲ್ಲಿಸಲಿಲ್ಲ.

ನಾನು ಕಡೆಯ ಪೆಟ್ಟು ಹೊಡೆದೆ.