ನೀವೂ ಬರ್ರಿ

ಎರಡು ದಿನ ನಾನು ರೊಟ್ಟಿ ಬಡಿಯುವುದಿಲ್ಲ. ಈ ಒಂದೇ ಷರತ್ತಿನ ಮೇಲೆ ನಾನು ಪ್ರವಾಸಕ್ಕೆ ಒಪ್ಪಿದ್ದು. ಬೆಟ್ಟ ಬೇಡ, ಸಮುದ್ರ ಬೇಡ, ಬೇರೆ ಯಾರೋ ಬಡಿದ ರೊಟ್ಟಿ ತಿನ್ನಿಸಿದರೆ ಸಾಕು ಎಂದಿದ್ದೆ. ಯಾದಗಿರಿಯಲ್ಲಿ ಪೈಪಿನ ಅಂಗಡಿ ಇಟ್ಟಿರುವ ನಮ್ಮ ಯಜಮಾನರು, ಭೀಮಾಶಂಕರ, ತಮ್ಮ ತಾಯಿಯ ಎದುರಿಗೇ ಮಾತು ಕೊಟ್ಟರು.

ಜಾಗ ಹುಡುಕಿದ್ದು ಮಗಳು, ಮೊಬೈಲಿನಲ್ಲಿ. ತಿಂಥಣಿಯ ಹತ್ತಿರ ಜಗದೇವಪ್ಪ ಎಂಬುವವರು ತಮ್ಮ ಹೊಲದ ಹಳೆಯ ದನದ ಕೊಟ್ಟಿಗೆಯನ್ನು ತೊಳೆದು, ಬಳಿದು, ಮಂಚ ಹಾಕಿ, ಪ್ಯಾಟಿ ಮಂದಿ ಬಂದು ಇರುವ ಹಾಗೆ ಮಾಡಿದ್ದರು. ಊಟವೂ ಅಲ್ಲೇ. ನಾವು ನಾಲ್ಕೇ ಜನ ಅಂತ ಹೇಳಿಟ್ಟಿದ್ದೆವು.

ಅತ್ತೆ ಬಾಲಮ್ಮನವರು ರಾಮಸಮುದ್ರದಲ್ಲಿ ದನಕರುಗಳ ನಡುವೆ ಬೆಳೆದವರು. ಸುದ್ದಿ ಕೇಳಿ ಗಲ್ಲಕ್ಕೆ ಕೈ ಹಚ್ಚಿದರು.

"ಎತ್ತು ಮಲಗೋ ಜಾಗದಾಗ ರೊಕ್ಕ ಕೊಟ್ಟು ಮಲಗಾಕ ಹೊಂಟೀರಿ? ನಮ್ಮಪ್ಪನ ಎತ್ತು ಬಿಟ್ಟಿ ಮಲಗತಿದ್ದುವು!"

"ಅಲ್ಲಿ ರೊಟ್ಟಿ ಬ್ಯಾರೆಯವರು ಬಡೀತಾರ್ರಿ ಅತ್ತಿ," ಎಂದೆ.

"ಹಂಗಿದ್ರ ನಡಿ. ಮೇವು ಹಾಕಿದ್ರೂ ತಿಂತೀನಿ."

ತಪ್ಪಾದದ್ದು ಗಾಡಿಯಲ್ಲಿ. ಸುಲ್ತಾನಸಾಬರ ಕ್ರೂಸರ್ ಬಾಡಿಗೆಗೆ ಹೇಳಿದ್ದರು. ಅದರಲ್ಲಿ ನಾವು ನಾಲ್ವರು ಕೂತ ಮೇಲೂ ಹಿಂದಿನ ಸೀಟುಗಳೆಲ್ಲ ಖಾಲಿ. ಖಾಲಿ ಸೀಟು ಕಂಡರೆ ನಮ್ಮ ಯಜಮಾನರ ಬಾಯಿ ಸುಮ್ಮನಿರುವುದಿಲ್ಲ.

ನಮ್ಮ ಕಡೆ 'ಬರ್ರಿ' ಎನ್ನುವುದು ಒಂದು ರಿವಾಜು. ಉಣ್ಣಲು ಕೂತವನು ಎದುರಿಗೆ ಬಂದವನನ್ನು ಬರ್ರಿ ಎನ್ನಬೇಕು. ಬಂದವನು "ಆತ್ರಿ, ನಿಮ್ದಾಗ್ಲಿ" ಎನ್ನಬೇಕು. ಅಲ್ಲಿಗೆ ಇಬ್ಬರ ಮರ್ಯಾದೆಯೂ ಉಳಿಯಿತು, ಬುಟ್ಟಿಯಲ್ಲಿ ರೊಟ್ಟಿಯೂ ಉಳಿಯಿತು. ಆದರೆ ನಮ್ಮವರು ಬರ್ರಿ ಎನ್ನುವುದು ಹಾಗಲ್ಲ. ತೋಳು ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ನೀವು ಬರದಿದ್ದರೆ ನನ್ನ ಜೀವವೇ ಹೋಗುತ್ತದೆ ಎಂಬಂತೆ ಅನ್ನುತ್ತಾರೆ.

ಶಹಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಬಸ್ ಸ್ಟ್ಯಾಂಡಿನ ಹತ್ತಿರ ಲಾಲಮ್ಮತ್ತಿ ಕಂಡರು. ಇವರು ಯಜಮಾನರ ಸೋದರತ್ತೆ, ಮನೆ ಅಲ್ಲೇ ಪಕ್ಕದಲ್ಲಿ. ನಾನು ಮದುವೆಯಾಗಿ ಬಂದ ವಾರದಲ್ಲೇ ನನ್ನ ರೊಟ್ಟಿಯ ಅಂಚು ದಪ್ಪ ಅಂತ ನೆಂಟರೆಲ್ಲರ ಮುಂದೆ ಹೆಸರಿಟ್ಟು ಆಡಿಕೊಂಡವರು.

"ದೂರ ಹೊಂಟೀರೇನಪಾ?" ಎಂದರು.

"ತಿಂಥಣಿ ಕಡೆ ಅತ್ತಿ. ಎರಡು ದಿನ ಆರಾಮ ಇದ್ದು ಬರ್ತೀವಿ. ನೀವೂ ಬರ್ರಿ! ನೀವಿಲ್ಲದ ನಮಗೇನು ಮಜಾ?"

'ನಿಮ್ದಾಗ್ಲಿ' ಎನ್ನಲಿ ಎಂದು ನಾನು ಕಾದೆ. ಲಾಲಮ್ಮತ್ತಿ ಒಂದು ಗಳಿಗೆ ಸೆರಗು ಸರಿಮಾಡಿಕೊಂಡರು.

"ಇಷ್ಟು ಕರಿಯಾಕತ್ತೀಯಂದ್ರ ಹೆಂಗ ಒಲ್ಲೆನ್ನಲಿ? ತಡಿ, ಎರಡು ಸೀರಿ ತರ್ತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಜಮಾನರು ನನ್ನ ಮುಖ ನೋಡದೆ ಊರಾಚೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಕಡೆ ನೋಡುತ್ತ ನಿಂತರು.

ಸುರಪುರದಲ್ಲಿ ಗಾಡಿ ನಿಲ್ಲಿಸಬೇಡಿ ಅಂತ ಸುಲ್ತಾನಸಾಬರಿಗೆ ನಾನೇ ಹೇಳಿದೆ. ಆದರೆ ಮಿರ್ಚಿ ಕರಿಯುವ ವಾಸನೆಗೆ ಲಾಲಮ್ಮತ್ತಿಯ ಹೊಟ್ಟೆ ಕೇಳಲಿಲ್ಲ. ಮಿರ್ಚಿ ಅಂಗಡಿಯ ಮುಂದೆ ಯಜಮಾನರ ಶಾಲೆಯ ಗೆಳೆಯ ಶಿವಶರಣ, ಹೆಂಡತಿ ಮಕ್ಕಳ ಸಮೇತ ನಿಂತಿದ್ದ. ಯಜಮಾನರ ಬಾಯಿಗೆ ಕೈ ಅಡ್ಡ ಹಿಡಿಯೋಣವೆಂದರೆ ನನ್ನ ಕೈಯಲ್ಲಿ ಮಿರ್ಚಿಯ ಪೊಟ್ಟಣ. ನಾನು ಅದನ್ನು ಇಡುವುದರೊಳಗೆ ಶಿವಶರಣನ ಮಕ್ಕಳು ಹಿಂದಿನ ಸೀಟು ಹತ್ತಿ ಕೂತಿದ್ದರು.

ಸುಲ್ತಾನಸಾಬರು ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಅಕ್ಕಾರ, ಲಗೂನ ಬಿಡ್ಲೇನ್ರಿ? ಇಲ್ಲಂದ್ರ ಸಾಹೇಬ್ರು ಊರಿಗೂರೇ ತುಂಬತಾರ," ಎಂದರು. ತಿಂಥಣಿಯವರೆಗೂ ಗಾಡಿ ಮತ್ತೆಲ್ಲೂ ನಿಲ್ಲಲಿಲ್ಲ.

ಕೊಟ್ಟಿಗೆ ಚೆಂದವಿತ್ತು, ಸುಳ್ಳೇಕೆ ಹೇಳಲಿ. ದನಗಳಿಗೆ ಮೇವು ಹಾಕುತ್ತಿದ್ದ ಗೋದಲಿಯ ಮೇಲೆ ಹಲಗೆ ಬಡಿದು, ಗಾದಿ ಹಾಸಿ, ಕೂರುವ ಕಟ್ಟೆ ಮಾಡಿದ್ದರು. ಅತ್ತೆ ನೇರ ಹೋಗಿ ಅದರ ಮೇಲೆ ಕಾಲು ಚಾಚಿ ಕೂತರು. ಜಗದೇವಪ್ಪನವರು ಮಾತ್ರ ಬಾಗಿಲಲ್ಲಿ ನಿಂತು ಇಳಿಯುವವರನ್ನು ನೋಡಿಯೇ ನೋಡಿದರು.

ಅಡುಗೆಯ ಮಸ್ತಾನಬಿ ಮುಚ್ಚಿಡದೆ ಹೇಳಿಬಿಟ್ಟರು. "ಬ್ಯಾಳಿ, ಪಲ್ಯ ಹೆಚ್ಚಿಗಿ ಮಾಡ್ತೀನ್ರಿ. ಇಷ್ಟು ಮಂದಿಗೆ ರೊಟ್ಟಿ ನನ್ನೊಬ್ಬಾಕಿ ಕೈಲೆ ಆಗಂಗಿಲ್ಲ. ಇನ್ನೊಂದು ಒಲಿ ಹಚ್ಚಿ ಕೊಡ್ತೀನಿ, ಯಾರರೆ ಒಬ್ಬರು ಬಡಿಯಾಕ ಕುಂದರ್ರಿ."

ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದವು. ಯಜಮಾನರ ಕಣ್ಣಂತೂ ಕೈಮುಗಿದಂತಿತ್ತು. ನನಗೆ ಸಿಟ್ಟು ಬಂತು, ಅಳುವೂ ಬಂತು. ಎದ್ದು ಬಳೆ ಹಿಂದಕ್ಕೆ ಸರಿಸುವಾಗ ಅತ್ತೆ ನನ್ನ ಸೆರಗು ಹಿಡಿದೆಳೆದು ಕಿವಿಯಲ್ಲಿ ಹೇಳಿದರು.

"ಹುಚ್ಚಿ, ಗಂಡನ ಕಡಿಂದ ಒಂದರೆ ಕಲಿ."

ಹೊಳೆಯಲು ತುಸು ಹೊತ್ತು ಬೇಕಾಯಿತು. ಹೊಳೆದದ್ದೇ ಲಾಲಮ್ಮತ್ತಿಯ ಮುಂದೆ ಹೋಗಿ ಅವರ ಕೈ ಹಿಡಿದೆ. ಕಣ್ಣಲ್ಲಿ ಕಣ್ಣಿಟ್ಟೆ.

"ಲಾಲಮ್ಮತ್ತಿ, ನೀವು ಆರಾಮ ಕುಂದರ್ರಿ. ದಣದು ಬಂದೀರಿ. ಎಲ್ಲಾ ರೊಟ್ಟಿ ನಾನ ಬಡೀತೀನಿ."

ಇಂಥ ಮಾತಿಗೆ ಹಿರಿಯಳಾದವಳು ಏನು ಅನ್ನಬೇಕೋ ಅದನ್ನೇ ಲಾಲಮ್ಮತ್ತಿ ಅಂದರು.

"ಏ, ನೀ ಯಾಕ ಬಡೀತಿ ಬಿಡವ್ವಾ. ನಾ ಇಲ್ಲೇನು?"

"ಆತ್ರಿ," ಎಂದು ನಾನು ಗೋದಲಿಯ ಮೇಲೆ ಅತ್ತೆಯ ಪಕ್ಕ ಕೂತುಬಿಟ್ಟೆ.

ಲಾಲಮ್ಮತ್ತಿ ಆಡಿದ ಮಾತಿಗೆ ಅಲ್ಲಿದ್ದವರೆಲ್ಲ ಸಾಕ್ಷಿ. ಎದ್ದು ಹೋಗಿ ಒಲೆಯ ಮುಂದೆ ಕೂತರು.

ಹಂಚಿನಿಂದ ಉಬ್ಬಿದ ರೊಟ್ಟಿ ನೇರ ನನ್ನ ತಟ್ಟೆಗೆ ಬಿತ್ತು. ಮದುವೆಯಾದ ಮೇಲೆ ಎಲ್ಲರಿಗೂ ಬಡಿಸಿ ಆರಿದ್ದನ್ನೇ ಉಂಡವಳು ನಾನು. ಬೆರಳು ಸುಡುವ ರೊಟ್ಟಿ ಮುರಿದಾಗ ಕಣ್ಣು ತುಂಬಿ ಬಂದವು. ಅಂಚು ಸ್ವಲ್ಪ ದಪ್ಪವಿತ್ತು. ನಾನು ಹೆಸರಿಡಲಿಲ್ಲ.

ಲಾಲಮ್ಮತ್ತಿ ಬೆವರುತ್ತ ಬಡಿಯುತ್ತಲೇ ಇದ್ದರು. ಅದನ್ನು ನೋಡಿ ನನ್ನ ಮನಸ್ಸು ಕರಗತೊಡಗಿತ್ತು, ಏಳಬೇಕು ಅಂದುಕೊಂಡೆ. ಅಷ್ಟರಲ್ಲಿ ಯಜಮಾನರು ತಟ್ಟೆ ಹಿಡಿದುಕೊಂಡೇ ಒಲೆಯ ಹತ್ತಿರ ಹೋದರು. ಅವರ ಬಾಯಿ ಸುಮ್ಮನಿರುವುದುಂಟೇ?

"ಎಷ್ಟು ದಣದೀರಿ ಅತ್ತಿ! ಏಳ್ರಿ, ಇನ್ನ ನಾ ಬಡೀತೀನಿ!"

ಲಾಲಮ್ಮತ್ತಿ ಒಮ್ಮೆ ನನ್ನ ಕಡೆ ನೋಡಿದರು. ಹಿಟ್ಟಿನ ಕೈ ಝಾಡಿಸಿದರು.

"ಆತಪಾ," ಎಂದವರೇ ಎದ್ದು ಬಂದು ನನ್ನ ಪಕ್ಕ ಕೂತರು. "ಸರಿಯವ್ವಾ ಸೌಭಾಗ್ಯ, ಜಾಗ ಬಿಡು. ಬಿಸಿ ರೊಟ್ಟಿ ನಾನೂ ಎಂದೂ ಉಂಡಿಲ್ಲ."

ಯಜಮಾನರು ಹಿಟ್ಟಿನ ಪರಾತದ ಮುಂದೆ ನಿಂತೇ ಇದ್ದರು. ಅತ್ತೆ ಕಾಲು ಇನ್ನಷ್ಟು ಚಾಚಿದರು.

"ಹಿಟ್ಟು ಹೆಚ್ಚಿಗಿ ಕಲಸೋ ಭೀಮ್ಯಾ. ನಾಳಿನೂ ಇಲ್ಲೇ ಇರ್ತೀವಿ."