ಹಣೆಯ ಮೇಲಿನ ಗೆರೆ

ಗೆರೆ, ಅದೇ ಗೆರೆ, ಹಣೆಯ ಅಡ್ಡಕ್ಕೆ ಕೆಂಪಗೆ, ಹುಬ್ಬಿನಿಂದ ಎರಡು ಬೆರಳು ಮೇಲೆ, ತಲೆಗೆ ಎಳೆದುಕೊಂಡ ನೈಲಾನ್ ಕಾಲುಚೀಲದ ಬಿಗಿ ಅಂಚು ರಾತ್ರಿಯೆಲ್ಲ ಕಚ್ಚಿ ಹಿಡಿದು ಬಿಟ್ಟುಹೋದದ್ದು — ಅಕ್ಕನ ಮಗಳು ಲವೋನಾ ಗ್ಯಾರೇಜಿನ ಸಲೂನಿನ ಹೊಸ್ತಿಲು ದಾಟಿ ಒಳಗೆ ಬಂದಾಗ ಮರ್ಲ್‌ಗೆ ಮೊದಲು ಕಂಡದ್ದು ಮುಖವಲ್ಲ, ಆ ಗೆರೆ, ಆಮೇಲೆ ಕಣ್ಣು, ಅತ್ತು ಊದಿದ ಕಣ್ಣು, ಸಂಜೆ ನಾಲ್ಕಕ್ಕೆ ಮದುವೆ ಇಟ್ಟುಕೊಂಡ ಹೆಣ್ಣಿನ ಕಣ್ಣು ಹೀಗಿರಬಾರದು, ಚಿಕ್ಕಮ್ಮಾ, ನಾನು ಬೇಕಂತ ಮಾಡಿಲ್ಲ ಕಣೇ, ನಿದ್ದೆಗಣ್ಣಲ್ಲಿ ಎದ್ದಿದೀನಿ, ತಲೆ ಒದ್ದೆ ಮಾಡ್ಕೊಂಡು ಸುತ್ತಿದೀನಿ, ಮೇಲೆ ಕಾಲುಚೀಲ ಎಳ್ಕೊಂಡು ಮಲಗಿದೀನಿ, ಬೆಳಿಗ್ಗೆ ಕನ್ನಡಿ ನೋಡಿದ ಮೇಲೇ ಗೊತ್ತಾಗಿದ್ದು, ನಲವತ್ತು ವರ್ಷದ ಅಭ್ಯಾಸದ ಕೈ ಇದು, ನನ್ನ ಮಾತೆಲ್ಲಿ ಕೇಳುತ್ತೆ, ಎಂದಳು. ಕೇಳುವುದಿಲ್ಲ, ಹೌದು, ಕೈಗೆ ಬುದ್ಧಿ ಹೇಳುವುದು ಕತ್ತೆಗೆ ಬುದ್ಧಿ ಹೇಳಿದ ಹಾಗೆ, ಆಥ್ಲೋನಿನ ಈ ಬೀದಿಯಲ್ಲಿ ಯಾವ ಮನೆಯ ಹೆಂಗಸಿನ ಕೈ ಬೇಕಾದರೂ ಕತ್ತಲಲ್ಲಿ ಆ ಕೆಲಸ ಮಾಡೀತು, ಒದ್ದೆ ಕೂದಲನ್ನು ತಲೆಯ ಸುತ್ತ ಒಂದೇ ದಿಕ್ಕಿಗೆ ಬಾಚಿ ಸುತ್ತಿ, ಹಳೆಯ ಕಾಲುಚೀಲದ ತುಂಡನ್ನು ಟೋಪಿಯ ಹಾಗೆ ಬಿಗಿದು, ಬೆಳಗಾಗುವಷ್ಟರಲ್ಲಿ ಕೂದಲು ಗಾಜಿನ ಹಾಗೆ ನುಣ್ಣಗೆ, ನೇರ. ಹುಟ್ಟಿನ ಅಲೆಗೂದಲು ಮದುವೆಗೆ ಮರಳಲೆಂದು ಮೂರು ತಿಂಗಳು ಸುತ್ತಿರಲಿಲ್ಲ, ಕೂದಲು ನೇರ ಮಾಡುವ ಇಸ್ತ್ರಿ ಮುಟ್ಟಿರಲಿಲ್ಲ, ಈ ಹುಡುಗಿ — ನಲವತ್ತೊಂಬತ್ತಾದರೂ ಹುಡುಗಿಯೇ — ಹಲ್ಲು ಕಚ್ಚಿ ಕಾದಿದ್ದಳು, ಅರ್ಧ ನೇರ ಅರ್ಧ ಸೊಟ್ಟ ಕೂದಲು ಹೊತ್ತು ಅಂಗಡಿಗೂ ಹೋದಳು, ಪ್ರಾರ್ಥನೆಗೂ ಹೋದಳು, ಜನ ಆಡಿಕೊಂಡರೆ ನಕ್ಕಳು, ಅಂಥ ಗಟ್ಟಿ ಜೀವ. ಮೊನ್ನೆ ತಾನೆ ಬಣ್ಣ ಹಾಕಿದ್ದು, ತಾಮ್ರದ ಬಣ್ಣ, ಬಿಸಿಲಿಗೆ ಹಿಡಿದರೆ ಹೊಸ ಪಾತ್ರೆ ಹೊಳೆದ ಹಾಗೆ, ರೇಷ್ಮೆಯ ಎಳೆಗಿಂತ ತೆಳ್ಳಗಿನ ಕೂದಲು, ಕೈಯಲ್ಲಿ ಹಿಡಿದರೆ ಹಿಡಿದ ಹಾಗೇ ಇಲ್ಲ, ಅದು ಈಗ ತಲೆಬುರುಡೆಗೆ ಅಂಟಿ ಸುಮ್ಮನೆ ಮಲಗಿದೆ, ಸತ್ತಿಲ್ಲ, ಸತ್ತಿಲ್ಲ, ಮಲಗಿದೆ ಅಷ್ಟೆ.

ಅವಳ ಹಿಂದೆಯೇ ಡೋರೀನ್ ಅಕ್ಕ, ಎಪ್ಪತ್ತನಾಲ್ಕರ ಮೊಣಕಾಲು ನೀವಿಕೊಳ್ಳುತ್ತ, ಕೈಚೀಲದಿಂದ ಇಸ್ತ್ರಿಯ ವೈರು ಹಾವಿನ ಬಾಲದ ಹಾಗೆ ಹೊರಗೆ, ನೋಡ್ದೇನೇ ಮರ್ಲ್, ನನ್ನ ಮಗಳ ಕೈಗಾದ್ರೂ ಬುದ್ಧಿ ಇದೆ, ನಿಮ್ಮಿಬ್ಬರಿಗೇ ಇಲ್ಲ, ಫೋಟೊ ತೆಗೆಯೋ ದಿನ ಅಲೆ ಬೇಕಂತೆ ಅಲೆ, ಅಲೆ ಬೇಕಾದ್ರೆ ಸಮುದ್ರಕ್ಕೆ ಹೋಗಿ. ಗೋಡೆಯ ಬೋರ್ಡಿಗೆ ವೈರು ಚುಚ್ಚಿದಳು, ದೀಪ ಹತ್ತಲಿಲ್ಲ, ಕರೆಂಟಿಲ್ಲ ಅಕ್ಕಾ, ಎರಡು ಗಂಟೆಗೆ ಬರೋದು, ಬರ್ಲಿ ಬಿಡು, ನಾನೂ ಇಲ್ಲೇ ಕೂತಿರ್ತೀನಿ ಎಂದು ಕೂತಳು, ಇಸ್ತ್ರಿ ಮಡಿಲಲ್ಲಿ. ಲವೋನಾ ಕನ್ನಡಿಯಲ್ಲಿ ಇಬ್ಬರನ್ನೂ ನೋಡಿ, ಎರಡು ಗಂಟೆವರೆಗೆ ಚಿಕ್ಕಮ್ಮನ ಕೈ, ಅಷ್ಟರಲ್ಲಿ ಅಲೆ ಬರ್ಲಿಲ್ಲ ಅಂದ್ರೆ ಅಮ್ಮನ ಇಸ್ತ್ರಿ, ಇಷ್ಟೇ, ನಂಗೂ ಸಾಕಾಗಿದೆ. ಇಸ್ತ್ರಿ — ಎರಡು ವರ್ಷದ ಹಿಂದಿನ ಚಳಿಗಾಲದ ಆ ವಾಸನೆ, ಬಣ್ಣ ಕುಡಿದ ತೆಳು ಕೂದಲು ಕಿವಿಯ ಪಕ್ಕದಲ್ಲಿ ಚರ್ ಅಂದು ಒಂದು ಎಸಳಷ್ಟು ಮುರಿದು ಮರ್ಲ್‌ಳ ಅಂಗೈಗೇ ಬಂದದ್ದು, ಮತ್ತೆ ಬೆಳೆಯಲು ವರ್ಷ ಹಿಡಿಯಿತು, ಇನ್ನೊಮ್ಮೆ ಆದರೆ ಅಲ್ಲಿ ಏನೂ ಉಳಿಯುವುದಿಲ್ಲ. ಹನ್ನೊಂದು ಗಂಟೆ ಈಗ. ಇನ್ನು ಮೂರು ಗಂಟೆ ಹೊತ್ತು ಇದೆ, ಸಾಕೋ ಸಾಲದೋ, ನೀರಿಗೆ ಗೊತ್ತು.

ತಣ್ಣೀರು, ಬೆರಳು ಜುಮ್ಮೆನ್ನುವಷ್ಟು ತಣ್ಣಗೆ, ಬಿಸಿ ತಗುಲಿದರೆ ತಾಮ್ರ ಕರಗಿ ಮೋರಿಗೆ ಹೋಗುತ್ತದೆ, ಸೋಪು ಬುಡಕ್ಕೆ ಮಾತ್ರ, ಬೆರಳ ತುದಿಯಿಂದ, ಉಗುರು ತಾಗದ ಹಾಗೆ, ತುದಿಗಳಿಗೆ ಕಡಲೆಕಾಳಿನಷ್ಟು ಕ್ರೀಮು, ಹೆಚ್ಚಾದರೆ ತೆಳು ಕೂದಲು ಆ ಭಾರಕ್ಕೇ ಕುಸಿಯುತ್ತದೆ, ಟವೆಲು ಬೇಡ, ತೀರಿಹೋದ ಗಂಡನ ಹಳೆಯ ಬನಿಯನ್ನು, ಒಗೆದು ಒಗೆದು ಮೊಲದ ಕಿವಿಯಷ್ಟು ಮೆತ್ತಗಾದದ್ದು, ಅದರಲ್ಲಿ ಕೂದಲನ್ನು ಕೆಳಗಿನಿಂದ ಮೇಲಕ್ಕೆ ಬೊಗಸೆಯಲ್ಲಿ ಎತ್ತಿ ಒತ್ತುವುದು, ಹಿಂಡುವುದಲ್ಲ, ಒತ್ತುವುದು, ಬಿಡುವುದು, ಒತ್ತುವುದು, ಬಾಚಣಿಗೆಯ ಹೆಸರೆತ್ತಬಾರದು. ಬೆರಳ ನಡುವೆ ಎಷ್ಟು ಚೆಂದ ಜಾರುತ್ತದೆ ಇದು, ಐವತ್ತು ವರ್ಷ ಎಷ್ಟು ತಲೆ ಮುಟ್ಟಿರಬಹುದು ಈ ಕೈ, ಇಂಥದ್ದು ಇನ್ನೊಂದಿಲ್ಲ — ಒಂದು ಇತ್ತು. ಅಮ್ಮನದು. ಮೀನುದೋಣಿಗಳ ಕಾಲ್ಕ್ ಬೇ ದಂಡೆ, ಮರ್ಲ್‌ಗೆ ಆರು ವರ್ಷ, ಜನವಿಲ್ಲದ ಬೆಳಗು, ಅಮ್ಮ ಬಂಡೆಯ ಮರೆಯಲ್ಲಿ ಮುಳುಗಿ ಎದ್ದು ಪಿನ್ನುಗಳನ್ನೆಲ್ಲ ಬಾಯಲ್ಲಿ ಕಚ್ಚಿಕೊಂಡು ಕೂದಲು ಬಿಟ್ಟಳು, ಸೊಂಟದವರೆಗೆ ಇಳಿಯಿತು, ಗಾಳಿಗೆ ಆರುತ್ತ ಆರುತ್ತ ಒಂದೊಂದಾಗಿ ಮಡಿಕೆ ಎದ್ದಿತು, ನೀರಿನಲ್ಲೂ ಅಲೆ, ಬೆನ್ನ ಮೇಲೂ ಅಲೆ, ಯಾರೋ ಬರುತ್ತಿದ್ದಾರೆ ಅನ್ನಿಸಿದ್ದೇ ಬಳಿದು ಸುತ್ತಿ ಕಟ್ಟಿಬಿಟ್ಟಳು, ಕಂಡಿದ್ದನ್ನ ಯಾರಿಗೂ ಹೇಳ್ಬೇಡ ಚಿನ್ನಾ ಅಂದಳು, ಕಳ್ಳಮಾಲು ಬಚ್ಚಿಟ್ಟವಳ ಹಾಗೆ.

ಚಿಕ್ಕಮ್ಮಾ ಏನೂ ಬಂದೇ ಇಲ್ಲ. ಮಾತಾಡ್ಬೇಡ, ತಲೆ ಅಲ್ಲಾಡಿಸ್ಬೇಡ, ಬಾಗಿಲ ಹತ್ರ ಬಿಸಿಲಿಗೆ ಕೂರು, ಆಗ್ನೇಯದ ಗಾಳಿ ಎದ್ದಿದೆ, ಬೆಟ್ಟ ಬಿಳಿ ಮೋಡದ ಮೇಜುಬಟ್ಟೆ ಹೊದ್ದಿದೆ, ಗಾಳಿ ನೇರ ಬಿದ್ದರೆ ಕೂದಲು ಹತ್ತಿಯ ಹಾಗೆ ಕೆದರುತ್ತದೆ, ಬಾಗಿಲು ಅರ್ಧ ಸಾಕು. ಹನ್ನೆರಡೂವರೆ, ಒದ್ದೆ ದಾರಗಳ ಹಾಗೆ ಜೋತಿದೆ. ಡೋರೀನ್ ಚಹಾ ಹೀರುತ್ತ, ನೆನೆದ ಕೋಳಿ ಥರ ಕಾಣ್ತಿದಾಳೆ, ಮದುವೆಗಂಡು ಸಿರಿಲ್ ತಾನು ಓಡಿಸೋ ಬಸ್ಸನ್ನೇ ತಿರುಗಿಸ್ಕೊಂಡು ಓಡ್ತಾನೆ. ಓಡಲ್ಲಮ್ಮಾ, ಸ್ಟ್ರಾಂಡ್‌ಫಾಂಟೇನಿನ ಕಡಲದಂಡೇಲಿ ಒದ್ದೆ ತಲೆ ಆರಿದ್ದನ್ನ ನೋಡಿ, ಇಷ್ಟು ದಿನ ಇದನ್ನ ಎಲ್ಲಿ ಅಡಗಿಸಿಟ್ಟಿದ್ದೆ ಮಾರಾಯ್ತಿ ಅಂತ ಕೇಳಿದವನು ಅವನೇ, ಎಂದಳು ಲವೋನಾ, ಅಷ್ಟು ಹೇಳುವಾಗ ಅವಳ ಕೆನ್ನೆಗೂ ತಾಮ್ರದ ಬಣ್ಣ. ಅಕ್ಕನನ್ನು ಬೈಯಲು ಆಗುವುದಿಲ್ಲ, ಕೂದಲು ನೋಡಿಯೇ ಜನಾಂಗ ಅಳೆದು, ಅಂಗಡಿಯ ಮುಂಗಟ್ಟಿನಲ್ಲಿ ನಿಲ್ಲಿಸಲು ನುಣ್ಣನೆ ಕೂದಲಿನವರನ್ನೇ ಆರಿಸುತ್ತಿದ್ದ ಕಾಲ ಕಂಡವಳು, ಮಗಳಿಗೆ ಏಳು ತುಂಬಿದಾಗಿನಿಂದ ಹೊಲಿಗೆ ಕಾರ್ಖಾನೆಯಿಂದ ಬಂದು ಕಾಲು ಬಾತಿದ್ದರೂ ಪ್ರತಿದಿನ ಆ ತಲೆಯನ್ನು ಸುತ್ತಿದಳು, ಒಂದು ಎಳೆ ಕಿತ್ತು ಬಂದಿಲ್ಲ, ಒಂದು ದಿನ ಮಗು ನೋವು ಅಂದಿಲ್ಲ, ಇಷ್ಟು ತೆಳು ಕೂದಲು ಇಷ್ಟು ಕಾಲ ಉಳಿದದ್ದೇ ಆ ಕೈಯಿಂದ, ಅಂಥ ಕೈ ನನಗೂ ಇಲ್ಲ. ನನ್ನ ಕೈ — ಹತ್ತೊಂಬತ್ತರ ಕೈ, ಸಲೂನಿನ ನೆಲ ಗುಡಿಸಲು ಸೇರಿ ಎರಡು ತಿಂಗಳು, ಅಮ್ಮ ಶವದ ಪೆಟ್ಟಿಗೆಯಲ್ಲಿ ಮಲಗಿದ್ದಾಳೆ, ತಲೆಗೆ ನೀರು ಹಾಕಿದ್ದೇ ತಡ ಅಲೆ ಎದ್ದು ಬಂತು, ಬೂದಿ ಬಣ್ಣದ ಅಲೆ, ಸತ್ತ ಮೇಲೂ, ಅಮ್ಮ ಚೆನ್ನಾಗಿ ಕಾಣ್ಬೇಕು ಕಣೇ ಮರ್ಲ್ ಅಂದಳು ಡೋರೀನ್ ಅಳುತ್ತ, ನಾನು ಕಬ್ಬಿಣದ ಬಾಚಣಿಗೆಯನ್ನು ಒಲೆಯ ಮೇಲೆ ಕಾಯಿಸಿ ಒಂದೊಂದೇ ಅಲೆಯನ್ನು ಒತ್ತಿ ಒತ್ತಿ ಮಲಗಿಸಿದೆ, ಚೆನ್ನಾಗೇ ಮಲಗಿಸಿದೆ, ನೆರೆಯವರೆಲ್ಲ ಹೊಗಳಿದರು, ಆದರೆ ಹಣೆಯ ಮೇಲೆ ಗೆರೆ, ವರ್ಷಾನುಗಟ್ಟಲೆ ಕಾಲುಚೀಲ ಕೊರೆದ ಗೆರೆ, ಪೌಡರು ಹಚ್ಚಿದೆ, ಹೋಗಲಿಲ್ಲ, ಮತ್ತೆ ಹಚ್ಚಿದೆ.

ಒಂದೂವರೆ, ಕಿವಿಯ ಹಿಂದೆ, ಒಂದು. ಬಾಗಿ ಮತ್ತೆ ಹೊರಳಿದ ಒಂದೇ ಮಡಿಕೆ, ಬೆಳಕು ಅದರ ಬೆನ್ನಿನ ಮೇಲೆ ಏರಿ ಇಳಿಯಿತು, ಉಸಿರು ಬಿಡಬಾರದು, ಅದರ ಪಕ್ಕ ಇನ್ನೊಂದು, ಕತ್ತಿನ ಬಳಿ ಮೂರು ಒಟ್ಟಿಗೆ, ಯಾರೂ ಕರೆಯದೆ ಎದ್ದು ಬರುತ್ತಿವೆ, ನಾನೇನು ಮಾಡಿದೆ, ಏನೂ ಇಲ್ಲ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ ಅಷ್ಟೆ, ತಾಮ್ರ, ತಾಮ್ರದ ಮೇಲೆ ನೆರಳು, ಮತ್ತೆ ತಾಮ್ರ. ಅಷ್ಟರಲ್ಲಿ ಫ್ರಿಜ್ಜು ಗುರ್ ಎಂದಿತು, ರೇಡಿಯೊ ಮಾತಿನ ನಡುವಿನಿಂದ ಮಾತಾಡತೊಡಗಿತು, ಇಸ್ತ್ರಿಯ ಕೆಂಪು ದೀಪ ಹತ್ತಿತು, ಎರಡು ಗಂಟೆ, ಲವೋನಾ ಕಣ್ಣು ಮುಚ್ಚಿಕೊಂಡಳು, ಡೋರೀನ್ ಎದ್ದು ಬಂದಳು, ಮಗಳ ಎದುರು ನಿಂತಳು, ಇಸ್ತ್ರಿ ಕಾಯುತ್ತಿದೆ, ಕಾದ ಕಬ್ಬಿಣದ ವಾಸನೆ ಗ್ಯಾರೇಜಿನ ತುಂಬ, ಬಾಗಿಲ ಸಂದಿನಿಂದ ಗಾಳಿ ನುಗ್ಗಿ ಒಂದು ಅಲೆಯನ್ನು ಎತ್ತಿ ಹಣೆಯ ಮೇಲೆ ಇಳಿಸಿತು, ಅದು ಅಲ್ಲೇ ಬಾಗಿ ನಿಂತಿತು. ಅಮ್ಮಾ, ಎಂದಳು ಡೋರೀನ್. ಮಗಳನ್ನಲ್ಲ, ನಮ್ಮಮ್ಮನನ್ನು. ಇವಳೂ ನೋಡಿದ್ದಳೇ ಹಾಗಾದರೆ, ಇವಳಿಗೂ ಹೇಳಿದ್ದಳೇ ಅಮ್ಮ, ಯಾರಿಗೂ ಹೇಳಬೇಡ ಅಂತ, ಅರವತ್ತು ವರ್ಷ ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟೆವೇ — ವೈರು ಕಿತ್ತದ್ದು ಡೋರೀನೇ, ಕೆಂಪು ದೀಪ ಆರಿತು, ಮುಟ್ಬೇಡ ಅಕ್ಕಾ, ಇನ್ನೂ ಹಸಿ ಇದೆ, ಮುಟ್ಟಲ್ಲ ಕಣೇ, ನೋಡ್ತೀನಿ ಅಷ್ಟೆ, ಎಂದು ಒಂದೇ ಬೆರಳಿನಿಂದ ಆ ಅಲೆಯನ್ನು ಹೂವಿನ ಎಸಳು ಸರಿಸಿದ ಹಾಗೆ ಸರಿಸಿದಳು, ಹಣೆ, ಬರಿಯ ಹಣೆ, ನುಣ್ಣಗೆ, ಗೆರೆ ಮಾಸಿಹೋಗಿದೆ, ಇಲ್ಲಿ ಮಾಸಿಹೋಗಿದೆ, ನಿನ್ನ ಹಣೆಗೆ ಪೌಡರು ಹಚ್ಚಿದೆ, ಮೂರು ಸಲ ಹಚ್ಚಿದೆ ಅಮ್ಮಾ, ಬಿಳಿ ಪೌಡರಿನ ಕೆಳಗೆ, ಆ ಗೆರೆ.